ತೇಗವೂ ಲಡ್ಡಾಗುವುದೇಕೆ? ಮನೆಯ ಹೊರಾಂಗಣಕ್ಕೆ ಮರ ಆರಿಸುವ ಮುನ್ನ ತಿಳಿಯಬೇಕಾದದ್ದು

ಬಾಲ್ಕನಿಗೆ ಮರದ ನೆಲಹಾಸು, ತಾರಸಿಗೆ ಮರದ ಚಪ್ಪರ, ಅಂಗಳಕ್ಕೊಂದು ಬೆಂಚು. ಹೊರಾಂಗಣದಲ್ಲಿ ಮರ ಬಳಸುವ ಯೋಚನೆ ಬಂದ ಕೂಡಲೇ ಸಿಗುವ ಮೊದಲ ಸಲಹೆ, “ತೇಗ ಹಾಕಿಸಿ, ಮೊಮ್ಮಕ್ಕಳ ಕಾಲಕ್ಕೂ ಏನೂ ಆಗದು” ಎಂಬುದು. ಈ ಮಾತು ಅರ್ಧ ನಿಜ. ಇನ್ನರ್ಧವನ್ನೂ ನಂಬಿ ಹಣ ಸುರಿದವರ ಮನೆಯಲ್ಲಿ ಕೆಲವೇ ಮಳೆಗಾಲಗಳಿಗೆ ಹಲಗೆ ಮೆತ್ತಗಾಗುವುದುಂಟು. ಬಯಲಿನಲ್ಲಿ ಮರದ ಆಯುಷ್ಯವನ್ನು ತೀರ್ಮಾನಿಸುವುದು ಅದರ ಹೆಸರೊಂದೇ ಅಲ್ಲ. ಹಲಗೆ ಮರದ ಯಾವ ಭಾಗದ್ದು, ಅದರಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೂ ಅಷ್ಟೇ ಮುಖ್ಯ.

ಮರ ಕೊಳೆಯುವುದು ಹೇಗೆ?

ಮರವನ್ನು ಲಡ್ಡು ಮಾಡುವುದು ನೀರಲ್ಲ, ಶಿಲೀಂಧ್ರಗಳು. ಅವಕ್ಕೆ ಆಹಾರ, ಗಾಳಿ, ಬೆಚ್ಚನೆಯ ವಾತಾವರಣ ಮತ್ತು ನೀರು ಬೇಕು. ಇವುಗಳಲ್ಲಿ ನಮ್ಮ ಕೈಯಲ್ಲಿರುವುದು ನೀರೊಂದೇ. ಮರದ ತೇವಾಂಶ ಅದರ ಒಣ ತೂಕದ ಶೇ. 20ಕ್ಕಿಂತ ಕಡಿಮೆ ಇದ್ದರೆ ಕೊಳೆ ಶುರುವಾಗುವುದಿಲ್ಲ. ಶೇ. 30ರ ಆಸುಪಾಸು ದಾಟಿದರೆ ಶಿಲೀಂಧ್ರಗಳಿಗೆ ಹಬ್ಬ.

ಹಾಗಾಗಿ, ಸುರಿದು ಒಂದೆರಡು ಗಂಟೆಯಲ್ಲಿ ಆರಿಹೋಗುವ ಮಳೆಯಿಂದ ದೊಡ್ಡ ಅಪಾಯವಿಲ್ಲ. ಸಂದು, ಮೊಳೆಯ ತೂತು, ಕಂಬದ ಬುಡಗಳಲ್ಲಿ ದಿನಗಟ್ಟಲೆ ನಿಲ್ಲುವ ನೀರಿನಿಂದ ಅಪಾಯವಿದೆ. ಹಲಗೆಯ ಕತ್ತರಿಸಿದ ತುದಿಗಳಂತೂ ಬದಿಗಳಿಗಿಂತ ಹಲವು ಪಟ್ಟು ವೇಗವಾಗಿ ನೀರು ಹೀರುತ್ತವೆ. ಜೀವಂತ ಮರದಲ್ಲಿ ನೀರು ಸಾಗಿಸುತ್ತಿದ್ದ ಸೂಕ್ಷ್ಮ ಕೊಳವೆಗಳು ಬಾಯಿ ತೆರೆದಿರುವುದು ಅಲ್ಲೇ.

ಕೆಚ್ಚು ಬೇರೆ, ಬಿಳಿ ಬೇರೆ

ಕೆಚ್ಚೆದೆ ಎನ್ನುತ್ತೇವಲ್ಲ, ಆ ‘ಕೆಚ್ಚು’ ಮರದ ಒಳಗಿನ ಗಟ್ಟಿ ತಿರುಳು. ತೇಗದ ಕೆಚ್ಚಿನಲ್ಲಿ ಎಣ್ಣೆಯಂಶದ ಜೊತೆಗೆ ಟೆಕ್ಟೋಕ್ವಿನೋನ್‌ನಂಥ ರಾಸಾಯನಿಕಗಳಿವೆ. ಗೆದ್ದಲು, ಶಿಲೀಂಧ್ರಗಳನ್ನು ದೂರವಿಡುವುದು ಇವೇ. ಕೆಚ್ಚಿನ ಸುತ್ತಲಿನ ತಿಳಿಬಣ್ಣದ ಹೊರಭಾಗದಲ್ಲಿ ಈ ರಕ್ಷಣೆ ಇಲ್ಲ. ಯಾವ ಜಾತಿಯ ಮರವಾದರೂ, ತೇಗವೇ ಆದರೂ, ಈ ಬಿಳಿಭಾಗ ಬೇಗ ಹಾಳಾಗುತ್ತದೆ.

ನೆಡುತೋಪಿನಲ್ಲಿ ಬೆಳೆದು ಎಳೆಯದಾಗಿಯೇ ಕಡಿದ ತೇಗದಲ್ಲಿ ಬಿಳಿಭಾಗದ ಪಾಲು ಹೆಚ್ಚು. ‘ತೇಗ’ ಎಂದು ಬಿಲ್ಲಿನಲ್ಲಿ ಬರೆದಿದ್ದರೆ ಸಾಲದು. ಬಣ್ಣ ಹಚ್ಚದ ಹಲಗೆಯನ್ನೇ ನೋಡಿ, ಹೊಂಗಂದು ಬಣ್ಣದ ಕೆಚ್ಚನ್ನು ಆರಿಸಿ.

ಭಾರವಾದ ಮರ ಹೆಚ್ಚು ಬಾಳುತ್ತದೆಯೇ?

ಇಲ್ಲ. ರಬ್ಬರ್ ಮರ ತೂಕದಲ್ಲಿ ಹೆಚ್ಚುಕಡಿಮೆ ತೇಗದಷ್ಟೇ ಇರುತ್ತದೆ. ಆದರೆ ಅದರಲ್ಲಿ ಪಿಷ್ಟ ತುಂಬಿದೆ, ರಕ್ಷಕ ರಾಸಾಯನಿಕಗಳಿಲ್ಲ. ಸಂಸ್ಕರಿಸದೆ ಮಳೆಗೆ ಒಡ್ಡಿದರೆ ಬಹುಬೇಗ ಹಾಳಾಗುತ್ತದೆ.

ಬಾಳಿಕೆಯನ್ನು ಅಳೆಯಲು ವಿಜ್ಞಾನಿಗಳು ‘ಸ್ಮಶಾನ ಪರೀಕ್ಷೆ’ ಮಾಡುತ್ತಾರೆ. ಮರದ ತುಂಡುಗಳನ್ನು ಅರ್ಧದವರೆಗೆ ಮಣ್ಣಿನಲ್ಲಿ ಹೂತು, ಎಷ್ಟು ಕಾಲ ಉಳಿಯುತ್ತವೆಂದು ನೋಡುತ್ತಾರೆ. ಭಾರತದ ವರ್ಗೀಕರಣದ ಪ್ರಕಾರ ಸರಾಸರಿ 120 ತಿಂಗಳು ಅಥವಾ ಹೆಚ್ಚು ಬಾಳಿದರೆ ಮೊದಲ ವರ್ಗ, 60ರಿಂದ 120 ತಿಂಗಳಾದರೆ ಎರಡನೆಯದು, ಅದಕ್ಕೂ ಕಡಿಮೆಯಾದರೆ ಮೂರನೆಯದು. ತೇಗದ ಕೆಚ್ಚು ಮೊದಲ ವರ್ಗದ್ದು. ಗಮನಿಸಿ: ಮಣ್ಣಿಗೆ ತಾಗಿದ್ದಾಗ ಮೊದಲ ವರ್ಗಕ್ಕೂ ಇರುವ ಗಡಿ ಹತ್ತು ವರ್ಷ.

ಹಾಗಾದರೆ ಮಲೆನಾಡಿನ ಹಳೆಯ ಮನೆಗಳ ಕಂಬಗಳು ತಲೆಮಾರುಗಟ್ಟಲೆ ನಿಂತಿರುವುದು ಹೇಗೆ? ಅವು ಕಲ್ಲಿನ ಪೀಠದ ಮೇಲೆ, ಅಗಲವಾದ ಸೂರಿನ ಕೆಳಗೆ ನಿಂತಿವೆ. ಮಳೆ ಎಷ್ಟೇ ಸುರಿದರೂ ಕಂಬದ ಬುಡದಲ್ಲಿ ನೀರು ನಿಲ್ಲದು.

ರಾಸಾಯನಿಕ ತುಂಬಿದ ಮರ ಸುರಕ್ಷಿತವೇ?

ಪೈನ್‌ನಂಥ ಅಗ್ಗದ ಮರಕ್ಕೂ ಒತ್ತಡದಲ್ಲಿ ರಕ್ಷಕ ರಾಸಾಯನಿಕ ತುಂಬಿದರೆ ಹೊರಾಂಗಣದಲ್ಲಿ ಬಾಳುತ್ತದೆ. ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಾದ ತಾಮ್ರ–ಕ್ರೋಮಿಯಂ–ಆರ್ಸೆನಿಕ್ ಮಿಶ್ರಣವನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶನ್. ಆದರೆ ಆರ್ಸೆನಿಕ್ ವಿಷ. ಅಮೆರಿಕದಲ್ಲಿ 2003ರ ಕೊನೆಯಿಂದ ಈ ಮಿಶ್ರಣವನ್ನು ಮನೆಬಳಕೆಯ ಮರಕ್ಕೆ ತುಂಬುವುದನ್ನು ನಿಲ್ಲಿಸಲಾಯಿತು. ಆರ್ಸೆನಿಕ್ ಇಲ್ಲದ, ತಾಮ್ರ ಆಧಾರಿತ ರಕ್ಷಕಗಳು ಈಗ ಲಭ್ಯ.

ಯಾವ ರಾಸಾಯನಿಕ ಬಳಸಿದ್ದಾರೆ, ಒತ್ತಡದಲ್ಲಿ ತುಂಬಿದ್ದಾರೋ ಬ್ರಷ್‌ನಲ್ಲಿ ಬಳಿದಿದ್ದಾರೋ ಕೇಳಿ. ಬಳಿದದ್ದು ಮೇಲ್ಮೈಯಲ್ಲೇ ಉಳಿಯುತ್ತದೆ. ಇಂಥ ಮರದ ಚೂರುಗಳನ್ನು ಒಲೆಗೆ, ಬಚ್ಚಲ ಹಂಡೆಯ ಉರಿಗೆ ಹಾಕಲೇಬೇಡಿ. ಹೊಗೆಯಲ್ಲೂ ಬೂದಿಯಲ್ಲೂ ವಿಷವಿರಬಹುದು. ತಾಮ್ರವು ಸಾದಾ ಕಬ್ಬಿಣದ ಮೊಳೆಗಳಿಗೆ ಬೇಗ ತುಕ್ಕು ಹಿಡಿಸುವುದರಿಂದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಸಿ.

ಬಿದಿರಿಗೆ ಹಾಕುವ ಬೋರಾಕ್ಸ್–ಬೋರಿಕ್ ಆಮ್ಲದ ಉಪಚಾರ ಹುಳುವನ್ನು ತಡೆಯುತ್ತದೆ. ಆದರೆ ಅದು ನೀರಿನಲ್ಲಿ ಕರಗುವಂಥದ್ದು. ಮಳೆಗೆ ತೊಳೆದುಹೋಗುತ್ತದೆ, ಹಾಗಾಗಿ ಸೂರಿನ ಕೆಳಗಷ್ಟೇ ಸೂಕ್ತ.

ಡಬ್ಲ್ಯುಪಿಸಿ ಹಲಗೆಗಳ ಕತೆ ಏನು?

ಮರದ ಹುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ ಈ ಹಲಗೆಗಳಿಗೆ ಗೆದ್ದಲಿನ ಕಾಟ ತೀರಾ ಕಡಿಮೆ, ಪಾಲಿಶ್ ಬೇಡ. ಆದರೆ ಬಿಸಿಲಿನಲ್ಲಿ ಬರಿಗಾಲು ಇಡಲಾಗದಷ್ಟು ಕಾಯುತ್ತವೆ. ಕಾದಾಗ ಉದ್ದುದ್ದ ಹಿಗ್ಗುವುದರಿಂದ ತುದಿಗಳಲ್ಲಿ ಜಾಗ ಬಿಡಬೇಕು. ಮರದಷ್ಟು ಬಿಗಿ ಇಲ್ಲದ ಕಾರಣ ಕೆಳಗಿನ ತೊಲೆಗಳು ಹತ್ತಿರ ಹತ್ತಿರ ಇರಬೇಕು. ಕೋಣೆಯೊಳಗಿನ ಕಪಾಟಿಗೆ ಬಳಸುವ ಹಗುರ ಫೋಮ್ ಹಲಗೆಗಳನ್ನೂ ಇದೇ ಹೆಸರಿನಲ್ಲಿ ಮಾರುತ್ತಾರೆ. ಅವು ನೆಲಹಾಸಿಗೆ ಆಗುವುದಿಲ್ಲ.

ವಾರ್ನಿಷ್ ಬಳಿದರೆ ಸಾಕೇ?

ಬಿಸಿಲಿನ ನೇರಳಾತೀತ ಕಿರಣ ಮತ್ತು ಮರದ ಹಿಗ್ಗು–ಕುಗ್ಗುಗಳಿಂದ ಗಟ್ಟಿ ಪೊರೆಯಂಥ ವಾರ್ನಿಷ್ ಬಿರಿಯುತ್ತದೆ. ಬಿರುಕಿನಿಂದ ಒಳಹೋದ ನೀರು ಹೊರಬರಲು ತಡಮಾಡುತ್ತದೆ. ಮರದೊಳಕ್ಕೆ ಇಳಿಯುವ ಹೊರಾಂಗಣದ ಎಣ್ಣೆಗಳನ್ನು ಕಾಲಕಾಲಕ್ಕೆ ಹಚ್ಚುವುದು ಸುಲಭ. ಇನ್ನು ಮರ ಬೂದು ಬಣ್ಣಕ್ಕೆ ತಿರುಗಿದರೆ ಕೊಳೆತಿದೆ ಎಂದರ್ಥವಲ್ಲ. ಅದು ಮೇಲ್ಪದರದಲ್ಲಿ ಬಿಸಿಲು–ಮಳೆ ಮಾಡಿದ ಬದಲಾವಣೆ.

ಕಟ್ಟಿಸುವಾಗ ನೆನಪಿಡಿ

- ಮರ ಮಣ್ಣಿಗೆ ತಾಗದಿರಲಿ. ಕಂಬಗಳು ಕಲ್ಲು ಅಥವಾ ಲೋಹದ ಪೀಠದ ಮೇಲಿರಲಿ.
- ಹಲಗೆಗಳ ನಡುವೆ ಸುಮಾರು 5 ಮಿ.ಮೀ. ಸಂದು ಬಿಡಿ. ಕೆಳಗೆ ಗಾಳಿಯಾಡಲಿ, ನೀರು ಹರಿದುಹೋಗಲಿ.
- ಕತ್ತರಿಸಿದ ಪ್ರತಿ ತುದಿಗೂ ರಕ್ಷಕ ಲೇಪ ಹಚ್ಚಿಸಿ.
- ದುಬಾರಿ ಮರದ ಜಾತಿ ಬಗ್ಗೆ ಸಂಶಯವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮಾದರಿಯನ್ನು ಪರೀಕ್ಷಿಸಬಹುದು.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ, ಬೆಂಗಳೂರಿನಲ್ಲಿ ಸುಮಾರು 1,000. ಎರಡೂ ಕಡೆ ಒಂದೇ ವಿನ್ಯಾಸ ಸಲ್ಲದು. ಈಗಾಗಲೇ ಮರದ ಬಾಲ್ಕನಿ ಇದ್ದವರು ಮಳೆಗಾಲ ಮುಗಿದ ಮೇಲೆ ಹಲಗೆಗಳನ್ನಲ್ಲ, ಅವನ್ನು ಹೊತ್ತ ತೊಲೆಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಬೇಕು, ಅದರಲ್ಲೂ ಗೋಡೆಗೆ ಸೇರುವ ಕಡೆ. ಸಲೀಸಾಗಿ ಒಳಗಿಳಿದರೆ ಅಲ್ಲಿ ಕೊಳೆ ಶುರುವಾಗಿದೆ. ಸರಿಪಡಿಸುವವರೆಗೆ ಅದರ ಮೇಲೆ ಯಾರನ್ನೂ ನಿಲ್ಲಲು ಬಿಡಬೇಡಿ.