ಕೈಗೆ ಬಂದ ವಿದ್ಯೆ

ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕಾರ್ಯದರ್ಶಿಗಳು ಹೇಳಿದಾಗ ನನಗೆ ಮೊದಲು ನೆನಪಾದವರು ದನದ ಡಾಕ್ಟರು. ಹಾಲು ಹಾಕುವವರು ನಾವು ನಿಜ. ಆದರೆ ಆಕಳು ಮಲಗಿತೆಂದರೆ ಸಂಘವೂ ಮಲಗಿದಂತೆ. ಆ ಡಾಕ್ಟರು ಕಲಿತು ಬಂದ ದಾರಿಗೂ ಒಂದು ಇತಿಹಾಸವಿದೆ.

1923ರಲ್ಲಿ ಬೆಂಗಳೂರಿನಲ್ಲಿ ಇಂಪೀರಿಯಲ್ ಡೇರಿ ಸಂಸ್ಥೆ ಆರಂಭವಾಯಿತು. 1927ರಲ್ಲಿ ವಿಶ್ರಾಂತಿಗೆ ಬಂದಿದ್ದ ಗಾಂಧೀಜಿಯವರೇ ಅಲ್ಲಿ ವಿದ್ಯಾರ್ಥಿಯಾಗಿ ನಿಂತು ಹೈನುಗಾರಿಕೆ ಕಲಿತರು. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರ್ಮಿನಲ್ಲಿ ಡಾ. ಸಂಪತ್ ಕುಮಾರನ್ ಅವರು ದೇಶದ ಮೊದಲ ಕೃತಕ ಗರ್ಭಧಾರಣೆ ಮಾಡಿದರು. 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಬಂತು. 2004ರ ಕಾಯ್ದೆಯಂತೆ ಬೀದರಿಗೆ ಪಶು ವಿಶ್ವವಿದ್ಯಾಲಯವೂ ಬಂತು. ಈಗ ಕದರಮಂಡಲಗಿಯ ಹುಡುಗರಿಗೆ ಗದಗ, ಶಿವಮೊಗ್ಗ ಕಾಲೇಜುಗಳು ಹತ್ತಿರದಲ್ಲೇ ಇವೆ. 2016ರ ನಿಯಮದಂತೆ ಐದೂವರೆ ವರ್ಷದ ಓದಿನಲ್ಲಿ ಕೊನೆಯ ಒಂದು ವರ್ಷ ಪೂರ್ತಿ ಕೈಕೆಲಸದ ತರಬೇತಿ.

ಅಷ್ಟು ದಿನ ಯಾಕೆ ಬೇಕು? ಗಬ್ಬ ನೋಡಲು ಆಕಳ ಒಳಗೆ ಕೈ ಹಾಕಿದಾಗ ಕಣ್ಣಿಗೆ ಏನೂ ಕಾಣದು; ಬೆರಳಿಗೇ ತಿಳಿಯಬೇಕು. ಅದು ಪುಸ್ತಕದಿಂದ ಬರುವ ವಿದ್ಯೆಯಲ್ಲ.

ಹನ್ನೆರಡು ವರ್ಷದ ಹಿಂದೆ ನಮ್ಮ ಆಕಳಿಗೆ ಕೆಚ್ಚಲುಬಾವು ಬಂತು. ಅರಿಶಿನ ಹಚ್ಚುತ್ತ ನಾಲ್ಕು ದಿನ ಕಳೆದೆ. ಡಾಕ್ಟರ ಜೊತೆ ಕಲಿಯುವ ಹುಡುಗನೊಬ್ಬ ಬಂದ. “ಆ ಹುಡುಗನ ಕೈಗೆ ನನ್ನ ಆಕಳಾ ಕೊಡಂಗಿಲ್ರಿ” ಅಂದೆ. ಡಾಕ್ಟರು ನಕ್ಕು, “ಮತ್ತ ನಾ ಯಾರ ಆಕಳ ಮ್ಯಾಲೆ ಕಲ್ತೆ, ಯಜಮಾನ್ರ?” ಅಂದರು. ನನಗೆ ಮಾತು ಹೊರಡಲಿಲ್ಲ. ಹುಡುಗ ಕೆಚ್ಚಲು ಮುಟ್ಟಿ ಬಿಸಿ ನೋಡಿದ. ಒಂದೊಂದು ಮೊಲೆಯ ಮೊದಲ ಹಾಲನ್ನು ಕರಿ ಬಟ್ಟೆಯ ಮೇಲೆ ಹಿಂಡಿ ಗರಣೆ ತೋರಿಸಿದ. ಬಾವು ಬಂದ ಆಕಳನ್ನು ಕಡೆಗೆ ಹಿಂಡಬೇಕು, ಇಲ್ಲವಾದರೆ ಹಿಂಡುವವನ ಕೈಯಿಂದಲೇ ಉಳಿದವಕ್ಕೂ ಹರಡುತ್ತದೆ ಎಂದೂ ಹೇಳಿದ. ನನ್ನ ತಡದಿಂದ ಒಂದು ಮೊಲೆ ಬತ್ತಿತು; ಮೂರು ಉಳಿದವು. ಅಂದಿನಿಂದ ಮೊದಲ ಹಾಲು ನೋಡದೆ ನಾನು ಹಿಂಡಿಲ್ಲ.

ಸದಸ್ಯ ಬಾಂಧವರೇ, ಗುರುಗಳು ಪಕ್ಕದಲ್ಲಿದ್ದಾಗ ಕಲಿಯುವ ಮಕ್ಕಳಿಗೆ ನಿಮ್ಮ ಕೊಟ್ಟಿಗೆ ತೆರೆಯಿರಿ. ಆಕಳು ಈದ ದಿನ, ಲಸಿಕೆ ಹಾಕಿಸಿದ ದಿನ ಬರೆದಿಟ್ಟು ಅವರಿಗೆ ತೋರಿಸಿರಿ. ಇಂದು ನಮ್ಮ ಕೊಟ್ಟಿಗೆಯಲ್ಲಿ ಪಳಗಿದ ಕೈ ನಾಳೆ ನಡುರಾತ್ರಿ ಯಾರದೋ ಮನೆಯ ಕರುವನ್ನು ಉಳಿಸುತ್ತದೆ.