‘ಸೇನೆಯಿಂದಲೇ ಬಂದ ಮೆಸೇಜ್’ ಎಂಬ ಫಾರ್ವರ್ಡ್: ನಿಜಕ್ಕೂ ಸೇನೆಯ ಪರವಾಗಿ ಮಾತಾಡುವವರು ಯಾರು?

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆಯಾಯಿತು. ಅದಾದ ಕೆಲವೇ ದಿನಗಳಲ್ಲಿ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡಿತು: ಸೇನೆಯ ಆಧುನೀಕರಣಕ್ಕೆ ಮತ್ತು ಗಾಯಗೊಂಡ, ಹುತಾತ್ಮರಾದ ಯೋಧರಿಗೆ ಸರ್ಕಾರ ಬ್ಯಾಂಕ್ ಖಾತೆ ತೆರೆದಿದೆ, ದಿನಕ್ಕೆ ಒಂದು ರೂಪಾಯಿ ಹಾಕಿ. ಮಾಂಬಳ್ಳಿಯಲ್ಲೋ ಯಳಂದೂರಿನಲ್ಲೋ ಫ್ಯಾಮಿಲಿ ಗ್ರೂಪಿಗೆ ಇಂಥದ್ದು ಬಂದರೆ ಅನುಮಾನಪಡುವವರು ಕಡಿಮೆ. ಯೋಧರಿಗೆ ಒಂದು ರೂಪಾಯಿ ಕೊಡಲು ಯಾರು ಹಿಂದೆಮುಂದೆ ನೋಡುತ್ತಾರೆ?

ಮೆಸೇಜ್ ದಾರಿ ತಪ್ಪಿಸುವಂಥದ್ದು, ಅದರಲ್ಲಿನ ಖಾತೆ ವಿವರಗಳೇ ತಪ್ಪು ಎಂದು ರಕ್ಷಣಾ ಸಚಿವಾಲಯ ಸ್ಪಷ್ಟಪಡಿಸಿತು. ಆದರೆ ಪೂರ್ತಿ ಕಟ್ಟುಕಥೆಯೂ ಅಲ್ಲ. ‘ಆರ್ಮ್ಡ್ ಫೋರ್ಸಸ್ ಬ್ಯಾಟಲ್ ಕ್ಯಾಶುವಾಲ್ಟೀಸ್ ವೆಲ್‌ಫೇರ್ ಫಂಡ್’ ಎಂಬ ನಿಧಿ ನಿಜವಾಗಿಯೂ ಇದೆ. ಅದು ಕಾರ್ಯಾಚರಣೆಯಲ್ಲಿ ಮಡಿದ ಅಥವಾ ತೀವ್ರವಾಗಿ ಗಾಯಗೊಂಡ ಯೋಧರಿಗೆ ಮತ್ತು ಅವರ ಕುಟುಂಬಗಳಿಗೆ, ಶಸ್ತ್ರಾಸ್ತ್ರ ಕೊಳ್ಳಲಿಕ್ಕಲ್ಲ. ಅರ್ಧ ನಿಜ ಬೆರೆಸಿದ ಸುಳ್ಳು ಇದು. ನಮ್ಮ ಅನುಭವದಲ್ಲಿ ಅತಿ ವೇಗವಾಗಿ ಹರಡುವುದು ಇಂಥವೇ.

ಸೇನೆಯ ಮಾತು ಎಲ್ಲಿಂದ ಬರುತ್ತದೆ?

ಮೂರೂ ಪಡೆಗಳ ಪತ್ರಿಕಾ ಸಂಪರ್ಕಕ್ಕೆ ರಕ್ಷಣಾ ಸಚಿವಾಲಯದಲ್ಲಿ ಸಾರ್ವಜನಿಕ ಸಂಪರ್ಕ ನಿರ್ದೇಶನಾಲಯವಿದೆ. ಬೆಂಗಳೂರಿನಲ್ಲೂ ಅದರ ಕಚೇರಿ ಇದೆ. 1909ರ ಜನವರಿ 2ರಂದು ‘ಫೌಜಿ ಅಖ್ಬಾರ್’ ಆಗಿ ಹುಟ್ಟಿದ, ಈಗಿನ ‘ಸೈನಿಕ್ ಸಮಾಚಾರ್’ ಪತ್ರಿಕೆಯನ್ನು ಹೊರತರುವುದು ಇದೇ ನಿರ್ದೇಶನಾಲಯ. ಅದರ ಕನ್ನಡ ಆವೃತ್ತಿಯೂ ಬರುತ್ತದೆ. ಇದಲ್ಲದೆ ಭೂಸೇನೆಗೆ ತನ್ನದೇ ಆದ ‘ಸ್ಟ್ರಾಟೆಜಿಕ್ ಕಮ್ಯುನಿಕೇಶನ್’ ವಿಭಾಗವಿದೆ.

ಹೆಸರು ದೊಡ್ಡದು, ಕೆಲಸ ಅರ್ಥವಾಗದ್ದೇನಲ್ಲ. ಏನು ಹೇಳಬೇಕು, ಯಾವಾಗ, ಯಾರ ಬಾಯಲ್ಲಿ, ಯಾವುದನ್ನು ಹೇಳಲೇಬಾರದು ಎಂದು ಮೊದಲೇ ಲೆಕ್ಕ ಹಾಕುವುದು. 2025ರ ಮೇ 7ರ ನಸುಕಿನಲ್ಲಿ ಒಂಬತ್ತು ಸ್ಥಳಗಳ ಮೇಲೆ ದಾಳಿ ನಡೆಸಿದ ಬೆನ್ನಲ್ಲೇ ಬಂದ ಪ್ರಕಟಣೆ, ಪಾಕಿಸ್ತಾನದ ಸೇನಾ ನೆಲೆಗಳನ್ನು ಮುಟ್ಟಿಲ್ಲ, ಸಂಘರ್ಷ ಬೆಳೆಸುವ ಉದ್ದೇಶವಿಲ್ಲ ಎಂದಿತು. ಅದು ನಮಗೆ ಹೇಳಿದ ಸುದ್ದಿಯಷ್ಟೇ ಅಲ್ಲ. ಇಸ್ಲಾಮಾಬಾದಿಗೂ ಹೊರದೇಶಗಳಿಗೂ ಕಳಿಸಿದ ಸಂದೇಶ. ‘ಆಪರೇಷನ್ ಸಿಂಧೂರ’ ಎಂಬ ಹೆಸರು, ಕುಂಕುಮದ ಬಟ್ಟಲಿನ ಲೋಗೋ ಕೂಡ ಅದೇ ಕೆಲಸದ ಭಾಗ. ಆ ಲೋಗೋ ಮಾಡಿದ್ದು ಜಾಹೀರಾತು ಕಂಪನಿಯಲ್ಲ. ಒಬ್ಬ ಲೆಫ್ಟಿನೆಂಟ್ ಕರ್ನಲ್ ಮತ್ತು ಒಬ್ಬ ಹವಾಲ್ದಾರ್.

ಬೆಳಿಗ್ಗೆ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರ ಜೊತೆ ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ವಿವರ ಕೊಟ್ಟರು. ಇಬ್ಬರೂ ವೃತ್ತಿಯಿಂದ ಪಿಆರ್‌ಒಗಳಲ್ಲ. ಸೋಫಿಯಾ ಅವರು ಸಿಗ್ನಲ್ಸ್ ವಿಭಾಗದವರು, ವ್ಯೋಮಿಕಾ ಅವರು ಹೆಲಿಕಾಪ್ಟರ್ ಪೈಲಟ್.

ಕೊಣ್ಣೂರಿಗೆ ಬಂದ ಸುಳ್ಳು

ಕರ್ನಲ್ ಸೋಫಿಯಾ ಅವರ ಗಂಡನ ಮನೆ ಬೆಳಗಾವಿ ಜಿಲ್ಲೆ ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲಿದೆ. ಮೇ ಮಧ್ಯಭಾಗದಲ್ಲಿ, ಆ ಮನೆಯ ಮೇಲೆ ದಾಳಿಯಾಗಿದೆ ಎಂಬ ಪೋಸ್ಟ್ ಎಕ್ಸ್‌ನಲ್ಲಿ ಹರಡಿತು. ದಾಳಿಯೇ ನಡೆದಿರಲಿಲ್ಲ. ಸುದ್ದಿ ಸುಳ್ಳೆಂದು ಬೆಳಗಾವಿ ಎಸ್ಪಿ ಭೀಮಾಶಂಕರ ಗುಳೇದ ಹೇಳಿದರು, ಪೋಸ್ಟ್ ಅಳಿಸಿಹೋಯಿತು. ಅಷ್ಟರಲ್ಲಿ ಅದನ್ನು ನಂಬಿ ಎರಡು ಸಮುದಾಯಗಳು ಬೀದಿಗಿಳಿದಿದ್ದರೆ? ಗಡಿಯ ಯುದ್ಧ ಗೋಕಾಕದ ಬೀದಿಗೆ ಬರಲು ಒಂದು ಬೆರಳಿನ ಒತ್ತು ಸಾಕಿತ್ತು.

ಅದೇ ದಿನಗಳಲ್ಲಿ ‘ಎಟಿಎಂಗಳು ಎರಡು ಮೂರು ದಿನ ಬಂದ್’ ಎಂಬ ಮೆಸೇಜ್ ಬಂತು, ಅದೂ ಸುಳ್ಳು. ಗುಜರಾತಿನ ಹಜೀರಾ ಬಂದರಿನ ಮೇಲೆ ದಾಳಿ ಎಂದು ಹರಿದಾಡಿದ್ದು 2021ರ ತೈಲ ಟ್ಯಾಂಕರ್ ಸ್ಫೋಟದ ವಿಡಿಯೋ.

ಸೇನೆ ತಡವಾಗಿ ಹೇಳುವುದೇಕೆ?

2008ರ ನವೆಂಬರ್ 26ರ ಮುಂಬೈ ದಾಳಿಯ ವೇಳೆ ನಮ್ಮ ಟಿವಿ ಚಾನೆಲ್‌ಗಳು ಕಮಾಂಡೊಗಳ ಚಲನವಲನವನ್ನು ನೇರಪ್ರಸಾರ ಮಾಡಿದವು. ಗಡಿಯಾಚೆ ಕೂತವರು ಅದನ್ನು ನೋಡುತ್ತ ಉಗ್ರರಿಗೆ ಫೋನಿನಲ್ಲಿ ನಿರ್ದೇಶನ ಕೊಡುತ್ತಿದ್ದರು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತು. 2025ರ ಏಪ್ರಿಲ್ 26ರಂದು ಕೇಂದ್ರ ಸರ್ಕಾರ ಕಾರ್ಯಾಚರಣೆಗಳ ನೇರಪ್ರಸಾರ ಬೇಡ ಎಂದಾಗ ನೆನಪಿಸಿದ್ದೂ ಇದನ್ನೇ, ಜೊತೆಗೆ ಕಾರ್ಗಿಲ್ ಮತ್ತು ಕಂದಹಾರ್. ಸೇನಾ ವಾಹನ ಹೋಗುವ ವಿಡಿಯೋವನ್ನು ಸ್ಟೇಟಸ್‌ಗೆ ಹಾಕುವವರಿಗೂ ಇದೇ ಮಾತು ಅನ್ವಯ.

ಹಾಗೆಂದು ಅಧಿಕೃತವಾದದ್ದೇ ಪೂರ್ಣ ಸತ್ಯ ಎಂದು ನಾವು ಹೇಳುವುದಿಲ್ಲ. ಮೇ 11ರಂದು ವಿಮಾನ ನಷ್ಟದ ಬಗ್ಗೆ ಕೇಳಿದಾಗ ಏರ್ ಮಾರ್ಷಲ್ ಎ.ಕೆ. ಭಾರ್ತಿ, ಯುದ್ಧದಲ್ಲಿ ನಷ್ಟ ಸಹಜ ಎಂದರೇ ಹೊರತು ವಿವರ ಕೊಡಲಿಲ್ಲ. ವಿಮಾನ ಕಳೆದುಕೊಂಡದ್ದನ್ನು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಒಪ್ಪಿದ್ದು ಮೇ 31ರಂದು, ಸಿಂಗಾಪುರದಲ್ಲಿ. ಆಗಲೂ ಸಂಖ್ಯೆ ಹೇಳಲಿಲ್ಲ. ಸೇನೆ ಸುಮ್ಮನಿದೆ ಎಂದರೆ ಫಾರ್ವರ್ಡ್ ನಿಜ ಎಂದೂ ಅಲ್ಲ, ಸುಳ್ಳು ಎಂದೂ ಅಲ್ಲ. ಇನ್ನೂ ಗೊತ್ತಿಲ್ಲ ಎಂದಷ್ಟೇ.

ಕೇಂದ್ರ ಸರ್ಕಾರ ಅಥವಾ ಸೇನೆಯ ಹೆಸರಿನಲ್ಲಿ ಬಂದ ಮೆಸೇಜನ್ನು ಪಿಐಬಿ ಫ್ಯಾಕ್ಟ್ ಚೆಕ್‌ನ ವಾಟ್ಸಾಪ್ ಸಂಖ್ಯೆ 8799711259ಕ್ಕೆ ಕಳಿಸಿ ಕೇಳಬಹುದು. ಅದು ಸರ್ಕಾರದ್ದೇ ಘಟಕ, ಕೇಂದ್ರಕ್ಕೆ ಸಂಬಂಧಿಸಿದ್ದನ್ನು ಮಾತ್ರ ನೋಡುತ್ತದೆ. ಕೊಣ್ಣೂರಿನಂಥ ಊರಮಟ್ಟದ ಸುದ್ದಿಗೆ ಜಿಲ್ಲಾ ಪೊಲೀಸರನ್ನೇ ಕೇಳಬೇಕು. ಮಾಂಬಳ್ಳಿಯವರಿಗಾದರೆ ಚಾಮರಾಜನಗರ ಜಿಲ್ಲಾ ಪೊಲೀಸರು, ತುರ್ತಿದ್ದರೆ 112.