ಕಲ್ಯಾಣಿ ಬಿರಿಯಾನಿ ನಮ್ಮೂರಿನದೇ

ನನ್ನ ಹಾಗೆ ದಿಲ್‌ಸುಖ್‌ನಗರದಲ್ಲಿ ಇರೋರಿಗೆ ‘ಕಲ್ಯಾಣಿ ಬಿರಿಯಾನಿ’ ಅನ್ನೋ ಹೆಸರು ಹೊಸದಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣದ ಹಳೆ ಹೆಸರೇ ಈ ಕಲ್ಯಾಣಿ.

ಅಲ್ಲಿನ ನವಾಬರು ನಿಜಾಮರ ಅಧೀನದಲ್ಲಿದ್ದವರು. ಹೈದರಾಬಾದಿನ ತಮ್ಮ ದೇವ್ಡಿಗೆ, ಅಂದ್ರೆ ಹವೇಲಿಗೆ, ಬೀದರ್ ಕಡೆಯಿಂದ ಬಂದ ಪ್ರಜೆಗಳಿಗೆ ಈ ಊಟ ಹಾಕಿಸುತ್ತಿದ್ದರು ಎನ್ನುತ್ತಾರೆ.

ಕುರಿ ಮಾಂಸದ ಬದಲು ಅಗ್ಗದ ದನದ ಅಥವಾ ಎಮ್ಮೆ ಮಾಂಸದ ಸಣ್ಣ ತುಂಡುಗಳು. ಅದಕ್ಕೇ ಇದು ‘ಬಡವರ ಬಿರಿಯಾನಿ’. ಗಟ್ಟಿ ಮಾಂಸ ಮೆತ್ತಗಾಗೋದು ದಮ್‌ನಿಂದ. ಮುಚ್ಚಳ ಬಿಗಿದು ಸಣ್ಣ ಉರಿಯಲ್ಲಿಟ್ಟರೆ ಹಬೆ ಒಳಗೇ ಉಳಿಯುತ್ತೆ, ಮಾಂಸದ ಕೊಲಾಜೆನ್ ನಿಧಾನಕ್ಕೆ ಜೆಲಟಿನ್ ಆಗುತ್ತೆ.

1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಕಲ್ಯಾಣಿ ಬಸವಕಲ್ಯಾಣ ಆಯ್ತು, ಹೈದರಾಬಾದಿನ ಬೋರ್ಡುಗಳಲ್ಲಿ ಹಳೆ ಹೆಸರೇ ಉಳಿಯಿತು. ಕೆಲಸ ಅಂತ ಈ ನಗರಕ್ಕೆ ಬಂದ ಕನ್ನಡಿಗರಲ್ಲಿ ನಾವೇನೂ ಮೊದಲಿಗರಲ್ಲ.